ಊಟ ಆದ ಕೂಡಲೇ ಟೀ ಬೇಡ ಪುಟ್ಟಿ

ಪ್ರೀತಿಯ ಪುಟ್ಟಿ,

ನಿನ್ನ ರಕ್ತ ಪರೀಕ್ಷೆಯ ರಿಪೋರ್ಟನ್ನ ನಿಮ್ಮಮ್ಮ ನನಗೂ ಕಳಿಸಿದಳು. ಹಿಮೋಗ್ಲೋಬಿನ್ 9.8 ಇದೆ. ಹೆಣ್ಣುಮಕ್ಕಳಿಗೆ 12 ಆದರೂ ಇರಬೇಕು. ಮೆಟ್ಟಿಲು ಹತ್ತಿದರೆ ಏದುಸಿರು, ಮಧ್ಯಾಹ್ನ ಆದರೆ ತಲೆನೋವು ಅಂತಿದ್ದೆಯಲ್ಲ, ಅದಕ್ಕೂ ಇದೇ ಕಾರಣ ಇರಬಹುದು. ಗಾಬರಿ ಆಗಬೇಡ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ 100ಕ್ಕೆ 57 ಜನರಿಗೆ ರಕ್ತ ಕಡಿಮೆ ಇತ್ತು. ಆದರೆ ಎಲ್ಲರಿಗೂ ಇರುತ್ತೆ ಬಿಡು ಅಂತ ಸುಮ್ನೆ ಇರಬೇಡ.

ರಕ್ತದಲ್ಲಿ ಹಿಮೋಗ್ಲೋಬಿನ್ ಆಗೋಕೆ ಕಬ್ಬಿಣದ ಅಂಶ ಬೇಕು, ಅದಕ್ಕೇ ಮೊದಲು ಟೀ ವಿಷಯ. ತಟ್ಟೆ ತೊಳೆಯುವ ಮೊದಲೇ ಟೀಗೆ ನೀರಿಡೋದು ನಿನ್ನ ಅಭ್ಯಾಸ. ಟೀ, ಕಾಫಿಯಲ್ಲಿರುವ ಒಗರು ಅಂಶ ಊಟದಲ್ಲಿರೋ ಕಬ್ಬಿಣವನ್ನ ಹಿಡಿದುಕೊಂಡುಬಿಡುತ್ತೆ, ಮೈಗೆ ಹತ್ತೋಕೆ ಬಿಡಲ್ಲ. ಎಷ್ಟು ಸೊಪ್ಪು ತಿಂದು ಏನು ಪ್ರಯೋಜನ ಹೇಳು? ಬಿಟ್ಟೇಬಿಡು ಅಂತ ನಾನು ಹೇಳಲ್ಲ. ಊಟಕ್ಕೂ ಟೀಗೂ ಒಂದು ಗಂಟೆ, ಸಾಧ್ಯವಾದರೆ ಇನ್ನೂ ಸ್ವಲ್ಪ ಜಾಸ್ತಿ ಅಂತರ ಇರಲಿ. ನಿಂಬೆಹಣ್ಣು, ನೆಲ್ಲಿಕಾಯಿ, ಸೀಬೆಹಣ್ಣು ಇದಕ್ಕೆ ತದ್ವಿರುದ್ಧ, ಊಟದ ಜೊತೆ ಇದ್ದರೆ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತೆ.

ಬೀಟ್‌ರೂಟ್ ಜ್ಯೂಸ್ ಕುಡಿತಿದ್ದೀನಿ ಅಂದೆ. ಕುಡಿ, ತೊಂದರೆ ಇಲ್ಲ. ಆದರೆ ಅದರ ಕೆಂಪು ಬಣ್ಣಕ್ಕೂ ರಕ್ತಕ್ಕೂ ಸಂಬಂಧ ಇಲ್ಲ, ಅದರಲ್ಲಿ ಕಬ್ಬಿಣ ಇರೋದು ತೀರಾ ಕಡಿಮೆ. ಬೆಲ್ಲವೂ ಅಷ್ಟೇ, ಹೆಚ್ಚುಪಾಲು ಸಕ್ಕರೆ. ಅದನ್ನೇ ನಂಬಿಕೊಂಡು ಕೂರಬೇಡ.

ಅದಕ್ಕಿಂತ ವಾರಕ್ಕೆ ಎರಡು ದಿನ ಬಸ್ಸಾರು ಮಾಡು. ಹೆಸರುಕಾಳು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸು. ಮೊಳಕೆ ಬಂದರೆ ಅದರಲ್ಲಿರೋ ಕಬ್ಬಿಣ ಇನ್ನೂ ಸುಲಭವಾಗಿ ಸಿಗುತ್ತೆ. ದಂಟಿನ ಸೊಪ್ಪನ್ನ ಮೊದಲು ತೊಳೆದು ಆಮೇಲೆ ಹೆಚ್ಚು, ಹೆಚ್ಚಿದ ಮೇಲೆ ತೊಳೆದರೆ ಸತ್ವ ನೀರಿನಲ್ಲಿ ಹೋಗುತ್ತೆ. ಕಾಳು ಅರ್ಧ ಬೆಂದಾಗ ಸೊಪ್ಪು ಹಾಕಿ ಬೇಯಿಸಿ, ಕಟ್ಟು ಬಸಿದುಕೊ. ಈರುಳ್ಳಿ, ಬೆಳ್ಳುಳ್ಳಿ ಹುರಿದು, ಜೀರಿಗೆ, ಮೆಣಸು, ಕಾಯಿತುರಿ, ಹುಣಸೆಹಣ್ಣು, ಸಾರಿನಪುಡಿ, ಬೆಂದ ಕಾಳುಸೊಪ್ಪು ಒಂದು ಹಿಡಿ ಸೇರಿಸಿ ನುಣ್ಣಗೆ ರುಬ್ಬಿ ಆ ಕಟ್ಟಿಗೆ ಹಾಕಿ ಕುದಿಸು, ಒಗ್ಗರಣೆ ಕೊಡು. ಉಳಿದ ಕಾಳುಸೊಪ್ಪು ಪಲ್ಯಕ್ಕೆ. ಕಬ್ಬಿಣದ ಬಾಣಲೆಯಲ್ಲೇ ಪಲ್ಯ ಮಾಡು, ಕೆಳಗಿಳಿಸಿದ ಮೇಲೆ ನಿಂಬೆಹಣ್ಣು ಹಿಂಡು, ಒಲೆ ಮೇಲಿದ್ದಾಗ ಹಿಂಡಿದರೆ ಅದರ ಸತ್ವ ಬಿಸಿಗೆ ಹಾಳಾಗುತ್ತೆ. ಪಲ್ಯ ಬಾಣಲೆಯಲ್ಲೇ ಬಿಡಬೇಡ, ಕಪ್ಪಾಗುತ್ತೆ. ಜೊತೆಗೆ ಒಂದು ಮುದ್ದೆ. ನೀರು, ಸತ್ವ ಯಾವುದೂ ಚೆಲ್ಲದ ಅಡುಗೆ ಇದು, ನಮ್ಮ ಹಿರಿಯರ ಜಾಣತನಕ್ಕೆ ನನಗೆ ತುಂಬಾ ಹೆಮ್ಮೆ.

ಭಾನುವಾರ ಮಟನ್ ತಂದರೆ ಸ್ವಲ್ಪ ಲಿವರ್ ಕೂಡ ತಗೋ. ಮಾಂಸದ ಕಬ್ಬಿಣ ಸೊಪ್ಪಿನದಕ್ಕಿಂತ ಬೇಗ ಮೈಗೆ ಹತ್ತುತ್ತೆ.

ಊಟ ಏನೇ ಮಾಡು, ಡಾಕ್ಟರ್ ಕೊಟ್ಟ ಕಬ್ಬಿಣದ ಮಾತ್ರೆ ಬಿಡಬೇಡ. ಹಾಲು, ಟೀ ಜೊತೆ ನುಂಗಬೇಡ, ನೀರಲ್ಲೋ ನಿಂಬೆ ಪಾನಕದಲ್ಲೋ ತಗೋ. ಮಲ ಕಪ್ಪಗಾದರೆ ಹೆದರಬೇಡ, ಅದು ಮಾತ್ರೆಯಿಂದ. 12 ದಾಟಿತು ಅಂತ ನೀನೇ ನಿಲ್ಲಿಸಬೇಡ, ಮೈಯಲ್ಲಿ ಕಬ್ಬಿಣದ ದಾಸ್ತಾನು ತುಂಬೋಕೆ ಇನ್ನೂ ಕೆಲವು ತಿಂಗಳು ಬೇಕು. ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗ್ತಿದ್ದರೆ ಡಾಕ್ಟರ್ ಹತ್ತಿರ ಬಾಯಿಬಿಟ್ಟು ಹೇಳು ಪುಟ್ಟಿ. ನಮ್ಮ ಕಾಲದಲ್ಲಿ ಹೆಂಗಸರು ಅದನ್ನ ನುಂಗಿಕೊಂಡೇ ಸೊರಗಿಹೋದರು, ನೀನು ಹಾಗಾಗಬಾರದು.

ಜಿಮ್ಮಿಗೆ ಈಗಲೇ ಸೇರಬೇಡ. ರಾತ್ರಿ ಊಟ ಆದ ಮೇಲೆ ನಿಧಾನಕ್ಕೆ ಹತ್ತು ನಿಮಿಷ ನಡಿ, ಸುಸ್ತಾದರೆ ನಿಲ್ಲು. ಮೈಗೆ ಬಲ ಬಂದ ಮೇಲೆ ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ ಬಿರುಸಾಗಿ ನಡೆದರೆ ಸಾಕು.

ಶನಿವಾರ ನಿಮ್ಮಪ್ಪ ಬೆಂಗಳೂರಿಗೆ ಬರ್ತಾರಂತೆ, ಅವರ ಕೈಲಿ ರಾಗಿಹಿಟ್ಟು, ಹೆಸರುಕಾಳು ಕಳಿಸ್ತೀನಿ. ಡಬ್ಬಿಯಲ್ಲಿ ತೇವ ಇಲ್ಲದಂತೆ ಒರೆಸಿ ಹಾಕಿಡು.

ಇಂತಿ ನಿನ್ನ
ದೊಡ್ಡಮ್ಮ