ಮುಖ್ಯಮಂತ್ರಿಗಳೇ, ನಿಮ್ಮ 200 ರೂಪಾಯಿ ಟಿಕೆಟ್ ಯಾವ ದ್ವೀಪದಲ್ಲಿದೆ?

ಮಾನ್ಯ ಮುಖ್ಯಮಂತ್ರಿ ಸಿದ್ದರಾಮಯ್ಯನವರಿಗೆ ನಮಸ್ಕಾರಗಳು.

ಸರ್, ಮೊದಲೇ ಹೇಳಿಬಿಡುತ್ತೇನೆ. ನನಗೆ ಬೇಕಾಗಿರುವುದು ಒಂದೇ. ಸಿನಿಮಾ ಟಿಕೆಟ್‌ಗೆ 200 ರೂಪಾಯಿ ಮಿತಿ ಅಂದಿರಲ್ಲ, ಅದನ್ನು ಜಾರಿಗೆ ತನ್ನಿ. ಉಳಿದದ್ದೆಲ್ಲ ನನ್ನ ಹೊಟ್ಟೆಯುರಿ. ಪುರುಸೊತ್ತಿದ್ದರೆ ಓದಿ.

2025ರ ಜುಲೈನಲ್ಲಿ 'ಜುರಾಸಿಕ್ ವರ್ಲ್ಡ್ ರೀಬರ್ತ್' ಬಂತು. ಡೈನೋಸಾರ್‌ಗಳ ಹಾಲಿವುಡ್ ಸರಣಿಯ ಏಳನೇ ಸಿನಿಮಾ. ಮೊದಲನೆಯದು 1993ರದ್ದು. ಅದನ್ನು ನಾನು ಕಾಲೇಜು ದಿನಗಳಲ್ಲಿ ಹಳೇ ಟಾಕೀಸೊಂದರಲ್ಲಿ ನೋಡಿದವನು. ಡೈನೋಸಾರ್ ಹೆಜ್ಜೆಗೆ ಕಾರಿನೊಳಗೆ ಲೋಟದ ನೀರು ನಡುಗುತ್ತದಲ್ಲ, ಆಗ ಇಡೀ ಟಾಕೀಸು ಉಸಿರು ಬಿಗಿ ಹಿಡಿದಿತ್ತು. ಆಮೇಲೆ ಬಂದ ಐದು ಸಿನಿಮಾಗಳ ಯಾವ ಪ್ರಾಣಿಯೂ ನನ್ನನ್ನು ಆ ಲೋಟದಷ್ಟು ಹೆದರಿಸಿಲ್ಲ. ಹಾಗಾಗಿ ಈ ಸಲ ಬೇಡವೇ ಬೇಡ ಅಂದೆ. ಮಕ್ಕಳು ಕೇಳಬೇಕಲ್ಲ. ಮಗನಿಗೆ ಡೈನೋಸಾರ್ ಹುಚ್ಚು. ಮಗಳಿಗೆ ಅಣ್ಣ ಹೋದಲ್ಲಿ ತಾನೂ ಹೋಗುವ ಹುಚ್ಚು.

ಟಿಕೆಟ್ ಒಂದಕ್ಕೆ 480. ನಾವು ನಾಲ್ಕು ಜನ. ಮೊಬೈಲ್‌ನಲ್ಲಿ ಬುಕ್ ಮಾಡಿದ್ದಕ್ಕೆ ಬೇರೆ ಶುಲ್ಕ, ಅದರ ಮೇಲೆ ತೆರಿಗೆ. ಸಿನಿಮಾ ಶುರುವಾಗುವ ಮೊದಲೇ ಎರಡು ಸಾವಿರ ದಾಟಿತ್ತು. ಪಾಪ್‌ಕಾರ್ನ್ ಸೇರಿದರೆ ಮೂರು ಸಾವಿರದ ಹತ್ತಿರ. ನಮ್ಮ ಮನೆಗೆ ತಿಂಗಳಿಗೆ ಬೇಕಾಗುವ ಅಕ್ಕಿ, ಬೇಳೆ, ಎಣ್ಣೆ ಇಷ್ಟರಲ್ಲಿ ಬರುತ್ತದೆ.

ಸಿನಿಮಾ ಹೇಗಿತ್ತು ಅಂತೀರಾ? ಹೃದಯದ ಕಾಯಿಲೆಗೆ ಔಷಧಿ ಮಾಡಬೇಕಂತೆ. ಅದಕ್ಕೆ ನೆಲ, ನೀರು, ಆಕಾಶದ ಮೂರು ಅತಿ ದೊಡ್ಡ ಪ್ರಾಣಿಗಳ ರಕ್ತ ಬೇಕಂತೆ. ಸರಿ, ತರಲಿ. ಆದರೆ ಈ ಮೂರರಲ್ಲಿ ಎರಡು ಡೈನೋಸಾರ್‌ಗಳೇ ಅಲ್ಲ. ಮೋಸಾಸಾರ್ ಸಮುದ್ರದ ಸರೀಸೃಪ, ಹಲ್ಲಿ-ಹಾವುಗಳ ಸಂಬಂಧಿ. ಕ್ವೆಟ್ಜಾಲ್‌ಕೋಟ್ಲಸ್ ಹಾರುವ ಸರೀಸೃಪ. ಇದನ್ನು ಹೇಳಿದ್ದು ನಾನಲ್ಲ, ಪಕ್ಕದಲ್ಲಿ ಕೂತಿದ್ದ ನನ್ನ ಮಗ. ಮುಂದಿನ ಸಾಲಿನವರು ತಿರುಗಿ ನೋಡುವಷ್ಟು ಜೋರಾಗಿ ಹೇಳಿದ.

ಉಳಿದದ್ದು ಟೈಟನೋಸಾರಸ್. ಎತ್ತರದ ಹುಲ್ಲಿನ ಬಯಲಲ್ಲಿ ಅವು ಉದ್ದ ಬಾಲ ಬೀಸುತ್ತಾ ನಿಲ್ಲುವ ದೃಶ್ಯ ಚೆನ್ನಾಗಿದೆ. ಸುಮ್ನೆ ಬೈಯಬಾರದು. ಆದರೆ ಸರ್, ಆ ಹೆಸರು ಹುಟ್ಟಿದ್ದೇ ನಮ್ಮ ದೇಶದ ಮೂಳೆಯಿಂದ. ಜಬಲ್‌ಪುರದಲ್ಲಿ ಸಿಕ್ಕಿದ್ದ ಮೂಳೆಗಳಿಗೆ 1877ರಲ್ಲಿ ಲಿಡೆಕರ್ ಎಂಬ ವಿಜ್ಞಾನಿ ಇಟ್ಟ ಹೆಸರದು. ನಮ್ಮದನ್ನೇ ನಮಗೆ 480 ರೂಪಾಯಿಗೆ ತೋರಿಸಿ ಕಳಿಸಿದರು.

ಇನ್ನು ಕಥೆ ಶುರುವಾಗುವ ಚಂದ ನೋಡಿ. ದ್ವೀಪವೊಂದರಲ್ಲಿ ಅಷ್ಟು ದೊಡ್ಡ ಪ್ರಯೋಗಾಲಯ. ಅಲ್ಲೊಬ್ಬ ಚಾಕೊಲೇಟ್ ತಿಂದು ಕವರ್ ಬಿಸಾಕುತ್ತಾನೆ. ಆ ಕವರ್ ಬಾಗಿಲಿನ ಸಂದಿಗೆ ಹೋಗಿ ಇಡೀ ವ್ಯವಸ್ಥೆ ಕೈಕೊಡುತ್ತದೆ, ಪ್ರಾಣಿ ಹೊರಗೆ ಬರುತ್ತದೆ. ನಮ್ಮ ಬೀದಿಯ ಟ್ರಾನ್ಸ್‌ಫಾರ್ಮರ್‌ಗೆ ಅಳಿಲು ನುಗ್ಗಿದರೂ ಒಂದು ಗಂಟೆಯಲ್ಲಿ ಕರೆಂಟ್ ಬರುತ್ತದೆ. ಕೊನೆಯಲ್ಲಿ ಬರುವ ಆರು ಕೈಕಾಲಿನ ಆ ವಿಕಾರ ಪ್ರಾಣಿ ಯಾವ ಕಾಲದ್ದೋ ದೇವರಿಗೇ ಗೊತ್ತು. ಇದೆಲ್ಲ ಸಾಲದು ಅಂತ, ಜನರಿಗೆ ಡೈನೋಸಾರ್ ನೋಡಿ ನೋಡಿ ಬೇಜಾರಾಗಿದೆ ಎಂದು ಸಿನಿಮಾದೊಳಗೇ ಹೇಳುತ್ತಾರೆ. ನನ್ನ ದುಡ್ಡು ಇಸಿದುಕೊಂಡ ಮೇಲೆ ಹೇಳುತ್ತಾರೆ!

ಸಿನಿಮಾ ಚೆನ್ನಾಗಿಲ್ಲದಿದ್ದರೆ ಮುಖ್ಯಮಂತ್ರಿ ಏನು ಮಾಡಬೇಕು ಅಂತ ನೀವು ಕೇಳಬಹುದು. ಏನೂ ಮಾಡಬೇಡಿ. 200 ರೂಪಾಯಿಗೆ ಕೆಟ್ಟ ಸಿನಿಮಾ ನೋಡಿದರೆ ಬೈದುಕೊಂಡು ಮನೆಗೆ ಹೋಗುತ್ತೇವೆ. 480ಕ್ಕೆ ನೋಡಿದರೆ ನಿಮಗೆ ಪತ್ರ ಬರೆಯುತ್ತೇವೆ.

ಇಂಟರ್ವಲ್‌ನಲ್ಲಿ ಮಗಳಿಗೆ ಬಾಯಾರಿಕೆ. ಮನೆಯಿಂದ ತಂದಿದ್ದ ನೀರಿನ ಬಾಟಲಿಯನ್ನು ಬಾಗಿಲಲ್ಲೇ ತೆಗೆದಿಟ್ಟುಕೊಂಡಿದ್ದರು. ಹೊರಗಿನ ತಿಂಡಿ ಬೇಡ ಅನ್ನುವ ಹಕ್ಕು ಥಿಯೇಟರಿನವರಿಗಿದೆ, ಆದರೆ ಕುಡಿಯುವ ನೀರು ಪುಕ್ಕಟೆ ಕೊಡಬೇಕು ಎಂದು 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ನೀವು ವಕೀಲರು, ನಿಮಗೆ ನಾನು ಹೇಳಬೇಕೇ? ಕೌಂಟರಿನ ಹುಡುಗನನ್ನು ಕೇಳಿದೆ. ಶೌಚಾಲಯದ ಪಕ್ಕದ ಫಿಲ್ಟರ್ ಕಡೆ ಕೈ ತೋರಿಸಿದ. ಹೋಗಿ ನೋಡಿದರೆ 'ರಿಪೇರಿಯಲ್ಲಿದೆ' ಎಂದು ಚೀಟಿ ಅಂಟಿಸಿದ್ದರು. ಚೀಟಿಯ ಅಂಚು ಹಳದಿಯಾಗಿ ಸುರುಳಿ ಸುತ್ತಿತ್ತು. ನಿನ್ನೆ ಮೊನ್ನೆ ಅಂಟಿಸಿದ್ದಲ್ಲ. ವಾಪಸ್ ಬಂದೆ. "ಬಾಟಲಿ ಇದೆ ಸಾರ್, 90 ರೂಪಾಯಿ" ಅಂದ. ಮಗಳು ನನ್ನ ಮುಖ ನೋಡಿ, "ಬೇಡಪ್ಪ, ಮನೆಗೆ ಹೋಗಿ ಕುಡೀತೀನಿ" ಅಂದಳು. ಆರು ವರ್ಷದ ಮಗು, ಸರ್. ನೀರಿನ ರೇಟು ನೋಡಿ ಬಾಯಾರಿಕೆ ನುಂಗಿಕೊಳ್ಳುವುದನ್ನು ಕಲಿತಿದ್ದಾಳೆ. ಕೊಂಡು ಕೊಟ್ಟೆ. ಆ ಹುಡುಗನ ಮೇಲೆ ರೇಗಲಿಲ್ಲ. ಅವನ ಸಂಬಳ ಎಷ್ಟಿದ್ದೀತು ಪಾಪ.

ಜಾಹೀರಾತಿನ ಕಾಟದ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಸಮಯಕ್ಕೆ ಸರಿಯಾಗಿ ಸಿನಿಮಾ ಹಾಕಿ ಎಂದು ಬೆಂಗಳೂರಿನ ಗ್ರಾಹಕರ ಆಯೋಗ 2025ರ ಫೆಬ್ರವರಿಯಲ್ಲಿ ತೀರ್ಪು ಕೊಟ್ಟಿತ್ತು. ಮರು ತಿಂಗಳೇ ಅದಕ್ಕೆ ತಡೆ.

ಈ ಪತ್ರವನ್ನು ಜುಲೈನಲ್ಲೇ ಬರೆಯಬೇಕಿತ್ತು. ಅಷ್ಟರಲ್ಲಿ ಟಿಕೆಟ್ ಮಿತಿಯ ಬಗ್ಗೆ ನಿಮ್ಮ ಸರ್ಕಾರದ ಕರಡು ಆದೇಶ ಬಂತು, ಸುಮ್ಮನಾದೆ. ಸೆಪ್ಟೆಂಬರ್ 12ಕ್ಕೆ ಆದೇಶವೂ ಬಂತು. ತೆರಿಗೆ ಬಿಟ್ಟು 200 ರೂಪಾಯಿ, 75 ಸೀಟಿನೊಳಗಿನ ಐಷಾರಾಮಿ ಹಾಲ್‌ಗಳಿಗೆ ವಿನಾಯಿತಿ. ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಎರಡು ವಾರ ತುಂಬುವ ಮೊದಲೇ ಹೈಕೋರ್ಟಿನಿಂದ ತಡೆ ಬಂತು.

ತಡೆ ಕೊಡುವುದು ಕೋರ್ಟಿನ ಹಕ್ಕು, ಅದರ ಬಗ್ಗೆ ಮಾತಿಲ್ಲ. ನನ್ನ ಸಿಟ್ಟು ನಿಮ್ಮ ಮೇಲೆ. ಯಾಕೆಂದರೆ ಈ ಸಿನಿಮಾವನ್ನೂ ನಾನು ಮೊದಲೇ ನೋಡಿದ್ದೇನೆ. 2017ರ ಬಜೆಟ್‌ನಲ್ಲೂ ಇದೇ 200 ರೂಪಾಯಿ ಅಂದಿರಿ. ಓದಿದ್ದು ನೀವೇ. ಆಗಲೂ ಅದು ಉಳಿಯಲಿಲ್ಲ. 2025ರ ಮಾರ್ಚ್‌ನಲ್ಲಿ ಮತ್ತೆ ಅದೇ ಘೋಷಣೆ, ಅದೇ ನಾಯಕ, ಅದೇ ಚಪ್ಪಾಳೆ. ಕ್ಲೈಮ್ಯಾಕ್ಸ್ ಕೂಡ ಅದೇ ಆಗಬೇಕೇ? ಮೊದಲ ಸಲ ಬೇಲಿ ಎಲ್ಲಿ ಮುರಿಯಿತು ಅಂತ ಗೊತ್ತಿದ್ದೂ ಅದೇ ಬೇಲಿ ಕಟ್ಟುವ ಬುದ್ಧಿವಂತರನ್ನು ನಾನು ಆ ಡೈನೋಸಾರ್ ಸಿನಿಮಾಗಳಲ್ಲಿ ಮಾತ್ರ ನೋಡಿದ್ದೆ. ಕೋರ್ಟಿನಲ್ಲಿ ನಿಲ್ಲುವಂಥ ಆದೇಶ ಬರೆಯಲು ನಿಮ್ಮಲ್ಲಿ ಕಾನೂನು ಇಲಾಖೆ ಇದೆ, ಅಡ್ವೊಕೇಟ್ ಜನರಲ್ ಇದ್ದಾರೆ. ಪಕ್ಕದ ತಮಿಳುನಾಡಿನಲ್ಲಿ ಟಿಕೆಟ್‌ಗೆ ಮಿತಿ ಇದೆ, ಆಂಧ್ರದಲ್ಲೂ ಇದೆ. ಅಲ್ಲಿ ಸಿನಿಮಾ ಉದ್ಯಮ ಮುಳುಗಿಹೋಯಿತೇ? ಅವರ ದೊಡ್ಡ ಸಿನಿಮಾಗಳು ಇಲ್ಲಿಗೆ ಬಂದು ನಮ್ಮಿಂದಲೇ ಡಬಲ್ ದುಡ್ಡು ಕೀಳುತ್ತವೆ. ಆಮೇಲೆ ಕನ್ನಡ ಸಿನಿಮಾಕ್ಕೆ ಜನ ಬರುತ್ತಿಲ್ಲ ಅಂತ ನಾವೇ ಗೋಳಾಡುತ್ತೇವೆ. ಒಂದು ಸಿನಿಮಾಕ್ಕೆ ಮೂರು ಸಾವಿರ ಕೊಟ್ಟವನು ಅದೇ ತಿಂಗಳು ಇನ್ನೊಂದಕ್ಕೆ ಎಲ್ಲಿಂದ ತರಬೇಕು, ಸರ್?

200 ರೂಪಾಯಿ. ಅಷ್ಟೇ ಕೇಳುತ್ತಿರುವುದು. ನೀವು ಕೊಡುತ್ತೇನೆ ಅಂದದ್ದನ್ನೇ ಕೇಳುತ್ತಿದ್ದೇನೆ. ತಡೆ ತೆರವು ಮಾಡಿಸಿ. ಆಗದಿದ್ದರೆ ಲೋಪ ಸರಿಪಡಿಸಿ ಹೊಸ ಆದೇಶ ಹೊರಡಿಸಿ. ಅದೂ ಆಗದಿದ್ದರೆ ಆಗುವುದಿಲ್ಲ ಅಂತ ಬಾಯಿ ಬಿಟ್ಟು ಹೇಳಿ, ಮೂರನೇ ಸಲ ಬಜೆಟ್‌ನಲ್ಲಿ ಮಾತ್ರ ಓದಬೇಡಿ. ಹಾಗೆಯೇ ಆ ನೀರಿನ ಫಿಲ್ಟರ್‌ಗಳು ಕೆಲಸ ಮಾಡುತ್ತಿವೆಯೇ ಎಂದು ನೋಡಲು ಯಾರನ್ನಾದರೂ ಕಳಿಸಿ. ಕಳಿಸುವಾಗ ಮೊದಲೇ ಫೋನ್ ಮಾಡಿ ತಿಳಿಸಬೇಡಿ.

ಇಂತಿ,
ದುಡ್ಡು ಕೊಟ್ಟು ನೋಡಿದ ಒಬ್ಬ ಪ್ರೇಕ್ಷಕ
ಬೆಂಗಳೂರು