ಅವ್ವನ ಕೈ ಹಿಡಿದವರಿಗೆ

ಅವ್ವನ ಬಲಗೈ ಮತ್ತೆ ಕೆಲಸಕ್ಕೆ ಬಂದಿದೆ. ಬಿದ್ದು ಮಣಿಕಟ್ಟಿನ ಎಲುಬು ಮುರಿದದ್ದು, ಆಪರೇಷನ್ ಮಾಡಿ ಲೋಹದ ಪ್ಲೇಟು ಹಾಕಿದ್ದು ಎಲ್ಲ ನಿಮಗೆ ಗೊತ್ತಿರುವುದೇ, ಅದನ್ನು ಮತ್ತೆ ಬರೆಯುವುದಿಲ್ಲ. ಮಂಡ್ಯ-ಮೈಸೂರು ನಡುವೆ ಹೊತ್ತಲ್ಲದ ಹೊತ್ತಿನಲ್ಲಿ ಕಾರು ಓಡಿಸಿದ ಭಾವ, ಬೆಳಗಾದರೆ ಇಡ್ಲಿ ಡಬ್ಬಿ ಕಳಿಸಿದ ಎದುರುಮನೆಯವರು, ನನ್ನ ಪಾಳಿ ತಾವು ಮಾಡಿಕೊಂಡ ಸಹೋದ್ಯೋಗಿಗಳು, ಎಲುಬನ್ನು ಅಚ್ಚುಕಟ್ಟಾಗಿ ಕೂರಿಸಿಕೊಟ್ಟ ಸರ್ಜನ್ ಮತ್ತವರ ತಂಡ, ಎಲ್ಲರಿಗೂ ಕೈ ಮುಗಿಯುತ್ತೇನೆ.

ಒಬ್ಬರ ಬಗ್ಗೆ ಮಾತ್ರ ಉದ್ದಕ್ಕೆ ಬರೆಯಬೇಕು. ಹೆಸರು ಹಾಕಬೇಡ ಅಂದಿದ್ದಾರೆ, ಹಾಗಾಗಿ ಅಕ್ಕ ಅಂತಲೇ ಬರೆಯುತ್ತೇನೆ. ಮೈಸೂರಿನಲ್ಲಿ ನಾನು ಕೆಲಸ ಮಾಡುವ ಕಡೆಯ ಹಿರಿಯ ಫಿಸಿಯೋಥೆರಪಿಸ್ಟ್. ನೀನೂ ಅದೇ ಕಸುಬಿನವಳು, ಅವ್ವನ ಕೈಯನ್ನು ಅವರಿಗೆ ಯಾಕೆ ಒಪ್ಪಿಸಿದೆ ಅಂತ ಕೆಲವರು ಕೇಳಿದಿರಿ. ಹೆತ್ತವಳು ಹಲ್ಲು ಕಚ್ಚಿದರೆ ಮಕ್ಕಳ ಬೆರಳು ತಾನಾಗಿ ಸಡಿಲವಾಗುತ್ತದೆ, ಬಿಗಿದ ಕೀಲು ಅಷ್ಟಕ್ಕೆ ಬಿಡುವುದಿಲ್ಲ. ‘ಫಿಸಿಯೋ ಅಂದರೆ ಎಳೆದು ಬಿಡಿಸೋದು ತಾನೆ’ ಅಂದವರೂ ಇದ್ದಾರೆ. ಬರೀ ಥ್ಯಾಂಕ್ಸ್ ಅಂದರೆ ಅಕ್ಕ ಮಾಡಿದ್ದೇನು ಅಂತ ಅವರಿಗೆ ಗೊತ್ತಾಗುವುದಿಲ್ಲ. ಅದಕ್ಕೇ ಈ ವಿವರ.

ಮೊದಲು ಆ ರಾತ್ರಿಯದು. ಆಪರೇಷನ್ ಆದ ಮಾರನೇ ದಿನ ಅವ್ವನ ಬೆರಳುಗಳು ಊದಿ ಗೆಣ್ಣಿನ ಗೆರೆಗಳೇ ಮುಚ್ಚಿಹೋಗಿದ್ದವು. ಇಂಜೆಕ್ಷನ್ ಕೊಟ್ಟರೂ ನರಳಾಟ ನಿಲ್ಲಲಿಲ್ಲ. ವಾರ್ಡಿನಲ್ಲಿ ‘ಆಪರೇಷನ್ ಅಂದಮೇಲೆ ನೋವಿರುತ್ತೆ’ ಅಂದರು. ನೋಡಿಕೊಂಡು ಹೋಗೋಣ ಅಂತ ಬಂದಿದ್ದ ಅಕ್ಕ ಬೆಳಗಿನವರೆಗೂ ಮಂಚದ ಪಕ್ಕ ಬಿಟ್ಟು ಕದಲಲಿಲ್ಲ. ಉಗುರು ಒತ್ತಿ ಬಿಟ್ಟಾಗ ಎರಡು ಸೆಕೆಂಡಿನೊಳಗೆ ಕೆಂಪು ಮರಳುತ್ತದೆಯೇ? ಹೆಬ್ಬೆರಳು, ತೋರುಬೆರಳು, ನಡುಬೆರಳ ತುದಿಗೆ ಹತ್ತಿ ಸೋಕಿದರೆ ತಿಳಿಯುತ್ತದೆಯೇ? ಆ ಮೂರೂ ಮರಗಟ್ಟಿದರೆ ಮಣಿಕಟ್ಟಿನಲ್ಲಿ ಹಾದುಹೋಗುವ ಮೀಡಿಯನ್ ನರ ಒತ್ತಡಕ್ಕೆ ಸಿಕ್ಕಿದೆ ಅಂತ ತಿಳಿಯಬೇಕು. ಇನ್ನೂ ಮುಖ್ಯವಾದದ್ದು, ಮಡಚಿದ ಬೆರಳನ್ನು ಮೆಲ್ಲಗೆ ನೇರ ಮಾಡಿದಾಗ ಮುಂಗೈಯಲ್ಲಿ ತಡೆಯಲಾಗದ ನೋವು ಏಳುತ್ತದೆಯೇ ಎಂಬುದು. ಎದ್ದರೆ ಸ್ನಾಯುಗಳ ಸುತ್ತಲಿನ ಪೊರೆಯೊಳಗೆ ಒತ್ತಡ ಏರುತ್ತಿದೆ ಅನ್ನುವ ಅನುಮಾನ, ಆಗ ಬೆಳಗಾಗಲಿ ಅಂತ ಕಾಯುವಂತಿಲ್ಲ. ಉಗುರು ಕೆಂಪಗಿದೆ, ನಾಡಿ ಸಿಗುತ್ತಿದೆ ಅಂತ ಸುಮ್ಮನಿರುವಂತೆಯೂ ಇಲ್ಲ. ಒಳಗೆ ಒತ್ತಡ ಏರಿದ ಮೇಲೂ ಇವೆರಡು ಬಹಳ ಹೊತ್ತು ಚೆನ್ನಾಗೇ ಇರುತ್ತವೆ.

ಅಣ್ಣ ಕೈಯನ್ನು ಡ್ರಿಪ್ ಸ್ಟ್ಯಾಂಡಿಗೆ ಎತ್ತಿ ಕಟ್ಟಲು ಹೋದ. ಅಕ್ಕ ತಡೆದರು. ಬರೀ ಊತವಾದರೆ ಎದೆಗಿಂತ ಎತ್ತರದಲ್ಲಿಡುವುದು ಸರಿ, ಒತ್ತಡದ ಅನುಮಾನವಿದ್ದರೆ ಎದೆಯ ಮಟ್ಟದಲ್ಲೇ ಇರಬೇಕು, ಎತ್ತಿದಷ್ಟೂ ಕೈಗೆ ಬರುವ ರಕ್ತ ಕಡಿಮೆಯಾಗುತ್ತದೆ. ಡ್ಯೂಟಿ ಡಾಕ್ಟರನ್ನು ಎಬ್ಬಿಸಿ ಕರೆತಂದವರೂ ಅವರೇ. ಡಾಕ್ಟರು ಸ್ಲ್ಯಾಬಿನ, ಅಂದರೆ ಕೈಗೆ ಆಸರೆಯಾಗಿ ಕಟ್ಟಿದ್ದ ಅರ್ಧ ಪ್ಲಾಸ್ಟರಿನ, ಮೇಲಿನ ಕ್ರೇಪ್ ಬ್ಯಾಂಡೇಜನ್ನಷ್ಟೇ ಕತ್ತರಿಸಿ ನಿಲ್ಲಿಸಿದಾಗ, ಅಕ್ಕ ಒಳಗಿನ ಹತ್ತಿಯನ್ನೂ ಚರ್ಮ ಕಾಣುವವರೆಗೆ ಸೀಳಿಸಿದರು. ರಕ್ತ ಹೀರಿ ಒಣಗಿದ ಹತ್ತಿ ಬಳೆಯಂತೆ ಗಟ್ಟಿಯಾಗಿ ಬಿಗಿದುಕೊಂಡಿತ್ತು. ಅದು ಬಿಟ್ಟ ಸ್ವಲ್ಪ ಹೊತ್ತಿಗೆ ಅವ್ವ ‘ಈಗ ವಸಿ ಉಸ್ರು ಬಂತು ಕಣವ್ವ’ ಅಂದಳು. ನಾನು ಓದಿದ್ದು, ವರ್ಷಗಟ್ಟಲೆ ಮಾಡಿದ್ದು ಯಾವುದೂ ಆ ಹೊತ್ತಿಗೆ ನನ್ನ ನೆರವಿಗೆ ಬಂದಿರಲಿಲ್ಲ. ಕಾರಿಡಾರಿನಲ್ಲಿ ವೇಲು ಬಾಯಿಗೆ ಒತ್ತಿಕೊಂಡು ನಿಂತಿದ್ದೆ. ಅಕ್ಕ, ನೀವು ಅವತ್ತು ಮನೆಗೆ ಹೋಗಿಬಿಟ್ಟಿದ್ದರೆ ಅಂತ ಈಗಲೂ ನೆನೆಯುವುದಕ್ಕಾಗುವುದಿಲ್ಲ.

ಮುಂದಿನ ವಾರಗಳಲ್ಲಿ ಅವರು ಮಣಿಕಟ್ಟನ್ನು ಮುಟ್ಟಿದ್ದಕ್ಕಿಂತ ಬೆರಳಿನ ಮೇಲೆ ಬಿದ್ದದ್ದೇ ಹೆಚ್ಚು. ಗಾಯ ಮಣಿಕಟ್ಟಿನದು, ಆದರೆ ಊದಿ ಸುಮ್ಮನೆ ಕೂತ ಬೆರಳು ಅದಕ್ಕಿಂತ ಬೇಗ ಮರವಾಗುತ್ತದೆ. ನೇರ ಚಾಚುವುದು, ಬುಡದಲ್ಲಿ ಮಾತ್ರ ಮಡಚಿ ಮೇಜಿನಂತೆ ಹಿಡಿಯುವುದು, ಕೊಕ್ಕೆ ಮಾಡುವುದು, ಪೂರ್ತಿ ಮುಷ್ಟಿ, ಬೆರಳು ಅಗಲಿಸಿ ಕೂಡಿಸುವುದು, ಹೆಬ್ಬೆರಳನ್ನು ಒಂದೊಂದು ಬೆರಳ ತುದಿಗೆ ತಾಗಿಸುವುದು, ಒಂದೊಂದೂ 10 ಸಲ, ಎಚ್ಚರವಿದ್ದಷ್ಟು ಹೊತ್ತು ಗಂಟೆಗೊಮ್ಮೆ. ಮುಷ್ಟಿ ಕಟ್ಟಿದಾಗ ಬೆರಳ ತುದಿಗೂ ಅಂಗೈ ಗೆರೆಗೂ ಎಷ್ಟು ಸೆಂಟಿಮೀಟರ್ ಉಳಿಯಿತು ಅಂತ ಸ್ಕೇಲಿಟ್ಟು ಬರೆದುಕೊಳ್ಳುತ್ತಿದ್ದರು. ನೋಡಲು ಬಂದವರು ಕೊಟ್ಟ ಸ್ಪಂಜಿನ ಚೆಂಡನ್ನು ಮೊದಲ ದಿನವೇ ಬೀರುವಿಗೆ ಸೇರಿಸಿದರು. ಚೆಂಡು ಅಡ್ಡವಿದ್ದರೆ ಮುಷ್ಟಿ ಪೂರ್ತಿ ಕೂಡುವುದೇ ಇಲ್ಲ, ಬಿಗಿದು ಕೂತ ಮಡಚುವ ಸ್ನಾಯುಗಳಿಗೇ ಇನ್ನಷ್ಟು ಬಿಗಿ ಅಭ್ಯಾಸವಾಗುತ್ತದೆ. ಇದನ್ನು ನಾವು ಎಷ್ಟು ಹೇಳಿದರೂ ಜನ ಚೆಂಡು ತರುವುದು ಬಿಡುವುದಿಲ್ಲ.

ಹೊಲಿಗೆ ಬಿಚ್ಚಿ ಗಾಯ ಪೂರ್ತಿ ಒಣಗಿದ ಮೇಲೆ ಕಲೆಯ ತಿಕ್ಕಾಟ. ಎರಡು ಹನಿ ಕೊಬ್ಬರಿ ಎಣ್ಣೆ, ಹೆಬ್ಬೆರಳ ಒತ್ತು, ಐದು ನಿಮಿಷ, ದಿನಕ್ಕೆ ಮೂರು ಸಲ. ಬೆರಳು ಚರ್ಮದ ಮೇಲೆ ಜಾರಬಾರದು, ಚರ್ಮವೇ ಒಳಗಿನ ಪದರದ ಮೇಲೆ ಸರಿಯಬೇಕು. ಹಾಗಾಗದಿದ್ದರೆ ಕಲೆ ಸ್ನಾಯುರಜ್ಜುವಿಗೆ, ಅಂದರೆ ಸ್ನಾಯುವನ್ನು ಎಲುಬಿಗೆ ಕಟ್ಟುವ ಹುರಿಗೆ, ಅಂಟಿ, ಬೆರಳು ಮಡಚಿದಾಗೆಲ್ಲ ಚರ್ಮ ಗುಳಿಬಿದ್ದು ಎಳೆಯುತ್ತದೆ.

ಎಕ್ಸ್‌ರೇ ನೋಡಿ, ಎಲುಬು ಕೂಡಿದೆ, ಇನ್ನು ಬಲ ಹಾಕಬಹುದು ಅಂತ ಸರ್ಜನ್ ಹೇಳಿದ ಮೇಲೆ ಅಕ್ಕನ ನಿಜವಾದ ಕೈಚಳಕ ಶುರುವಾಯಿತು. ಸಾಮಾನ್ಯವಾಗಿ ಅದು ಆರು ವಾರದ ಆಸುಪಾಸು. ಅದಕ್ಕೆ ಮುಂಚೆ ರೋಗಿ ತಾನಾಗಿ ಆಡಿಸಿದಷ್ಟು ಮಾತ್ರ.

ಮೊದಲ ಪ್ರಶ್ನೆ, ಬಿಗಿ ಎಲ್ಲಿದೆ? ಮುಷ್ಟಿ ಕಟ್ಟಿ ಮಣಿಕಟ್ಟನ್ನು ಹಿಂದಕ್ಕೆ ಬಾಗಿಸಿ ನೋಡಬೇಕು, ಬೆರಳು ಚಾಚಿ ಮತ್ತೊಮ್ಮೆ ನೋಡಬೇಕು. ಮುಷ್ಟಿಯಲ್ಲಿ ಹೆಚ್ಚು ಬಾಗಿ, ಬೆರಳು ಚಾಚಿದಾಗ ಕಡಿಮೆಯಾದರೆ ಎಳೆಯುತ್ತಿರುವುದು ಬೆರಳಿನ ರಜ್ಜು. ಎರಡರಲ್ಲೂ ಒಂದೇ ಕಡೆ ನಿಂತರೆ ಕೀಲನ್ನು ಸುತ್ತಿರುವ ಪೊರೆಯ ಚೀಲ. ಅವ್ವನದು ಎರಡನೆಯದು. ಚೀಲ ಬಿಗಿದಾಗ ಬೆರಳು ಹಿಡಿದು ಎಳೆದರೆ ಉಪಯೋಗವಿಲ್ಲ, ಬಲವೆಲ್ಲ ಬೆರಳ ಕೀಲುಗಳಿಗೆ ಹೋಗುತ್ತದೆ.

ಅಕ್ಕ ಮಾಡುತ್ತಿದ್ದದ್ದು ಹೀಗೆ. ಹತ್ತು ಹದಿನೈದು ನಿಮಿಷ ಬಿಸಿ ಮೇಣದ ಶಾಖ. ಮೇಣ 52ರಿಂದ 54 ಡಿಗ್ರಿ ಸೆಲ್ಸಿಯಸ್, ಅದರಲ್ಲಿ ಏಳು ಪಾಲು ಗಟ್ಟಿ ಮೇಣಕ್ಕೆ ಒಂದು ಪಾಲು ಲಿಕ್ವಿಡ್ ಪ್ಯಾರಾಫಿನ್. ಪ್ಲೇಟಿರುವ ಕೈಗೆ ಶಾರ್ಟ್‌ವೇವ್ ಡಯಾಥರ್ಮಿ, ಅಂದರೆ ವಿದ್ಯುತ್ ಅಲೆಗಳಿಂದ ಒಳಗೆ ಶಾಖ ಕೊಡುವ ಯಂತ್ರ, ಬೇಡವೇ ಬೇಡ, ಲೋಹ ಕಾದು ಒಳಗೇ ಸುಡಬಹುದು. ಆಮೇಲೆ ಮುಂಗೈಯನ್ನು ಮೇಜಿನ ಮೇಲಿಟ್ಟು, ಕೆಳಗೆ ಟವೆಲ್ ಸುರುಳಿ, ಕೈ ಮೇಜಿನ ಅಂಚಿನಾಚೆ. ಅವರ ಒಂದು ಕೈ ಮಣಿಕಟ್ಟಿನ ಮೇಲೆಯೇ ಎರಡೂ ಎಲುಬನ್ನು ಅಲುಗದಂತೆ ಹಿಡಿಯುತ್ತಿತ್ತು, ಇನ್ನೊಂದು ಕೆಳಗಿನ ಸಣ್ಣ ಎಲುಬುಗಳ ಮೊದಲ ಸಾಲನ್ನು. ಎರಡು ಹಿಡಿತದ ನಡುವೆ ಒಂದು ಬೆರಳಿನಷ್ಟೂ ಜಾಗ ಇರುತ್ತಿರಲಿಲ್ಲ. ಹಿಡಿತ ದೂರವಾದಷ್ಟೂ ಸನ್ನೆಗೋಲಿನ ಬಲ ಹೆಚ್ಚಿ, ಎಲ್ಲಿ ಬೀಳುತ್ತಿದೆ ಅನ್ನುವುದೇ ತಿಳಿಯದಂತಾಗುತ್ತದೆ. ಮೊದಲು ಕೀಲು ಸ್ವಲ್ಪ ಬಿಡುವಷ್ಟು ಉದ್ದಕ್ಕೆ ಎಳೆತ. ಹಿಂದಕ್ಕೆ ಬಾಗುವ ಅಳತೆ ಬೇಕಾದರೆ ಅಂಗೈ ಕೆಳಗೆ ಮಾಡಿ, ಆ ಸಾಲನ್ನು ಅಂಗೈ ಕಡೆಗೆ ಜಾರಿಸಬೇಕು. ಮುಂದಕ್ಕೆ ಬಾಗಲು ಮುಂಗೈ ಬೆನ್ನಿನ ಕಡೆಗೆ. ಕೈ ಹೋಗಬೇಕಾದ ದಿಕ್ಕಿಗೆ ತಿರುವುಮುರುವು, ಏಕೆಂದರೆ ಉಬ್ಬಿದ ಸಾಲು ತಗ್ಗಿನಲ್ಲಿ ಹೊರಳುತ್ತಾ ಹಿಂದಕ್ಕೆ ಜಾರುತ್ತದೆ. ಅರ್ಧ ನಿಮಿಷ ಸಣ್ಣ ತೂಗಾಟ, ಬಿಡುವು, ಹೀಗೆ ಮೂರು ನಾಲ್ಕು ಸುತ್ತು. ಮುಗಿದ ಕೂಡಲೇ ಅವ್ವ ತಾನೇ ಮಣಿಕಟ್ಟನ್ನು ಎತ್ತಬೇಕು, ಬೆರಳನ್ನು ಸಡಿಲವಾಗಿ ಮಡಚಿಕೊಂಡು. ಬೆರಳು ಚಾಚಿ ಎತ್ತಿದರೆ ಬೆರಳೆತ್ತುವ ಸ್ನಾಯುಗಳೇ ಕೆಲಸ ಮಾಡಿ ಮೋಸ ಮಾಡುತ್ತವೆ, ಮಣಿಕಟ್ಟಿನವು ಮಲಗಿಯೇ ಇರುತ್ತವೆ.

ಅವ್ವನಿಗೆ ಕಷ್ಟವಾದದ್ದು ಅಂಗೈ ಮೇಲೆ ಮಾಡುವುದು. ದೇವಸ್ಥಾನದಲ್ಲಿ ತೀರ್ಥಕ್ಕೆ ಕೈ ಒಡ್ಡಲಾಗದೆ ಎಡಗೈ ಕೊಡುವುದಕ್ಕೂ ಮನಸ್ಸಾಗದೆ ಹಿಂದೆ ನಿಂತುಬಿಡುತ್ತಿದ್ದಳು. ಇದರಲ್ಲಿ ಭುಜ ಬಹಳ ಕಳ್ಳತನ ಮಾಡುತ್ತದೆ. ಮೊಣಕೈ ಪಕ್ಕೆ ಬಿಟ್ಟು ಸ್ವಲ್ಪ ಹೊಟ್ಟೆಯ ಮುಂದಕ್ಕೆ ಸರಿದರೂ ಅಂಗೈ ತಿರುಗಿದ ಹಾಗೆ ಕಾಣುತ್ತದೆ, ತಿರುಗಿರುವುದಿಲ್ಲ. ಅದಕ್ಕೆ ಮೊಣಕೈ 90 ಡಿಗ್ರಿ ಮಡಚಿ, ಪಕ್ಕೆಗೆ ಟವೆಲ್ ಸಿಕ್ಕಿಸಿ, ಟವೆಲ್ ಬೀಳದ ಹಾಗೆ ಮಾಡಿಸುತ್ತಿದ್ದರು. ತಿರುಗಿಸುವಾಗ ಕೈ ಹಿಡಿಯುತ್ತಿರಲಿಲ್ಲ, ಹೆಬ್ಬೆರಳ ಕಡೆಯ ಎಲುಬಿನ ತುದಿಯನ್ನೇ ಹಿಡಿದು, ಕಿರುಬೆರಳ ಕಡೆಯ ಎಲುಬನ್ನು ನಿಲ್ಲಿಸಿ, ಮೊದಲನೆಯದನ್ನು ಮುಂಗೈ ಬೆನ್ನಿನ ಕಡೆಗೆ ಜಾರಿಸುತ್ತಿದ್ದರು. ಅಳೆಯುವಾಗ ಕೂಡ ಕೈಯಲ್ಲಿ ಪೆನ್ಸಿಲ್ ಹಿಡಿಸುತ್ತಿರಲಿಲ್ಲ, ಪೆನ್ಸಿಲ್ ಇದ್ದುದಕ್ಕಿಂತ ಹೆಚ್ಚು ತೋರಿಸುತ್ತದೆ. ಕೀಲಿನ ಕೋನ ಅಳೆಯುವ ಗೋನಿಯೋಮೀಟರ್ ಮುಂಗೈ ತುದಿಯ ಮೇಲೆಯೇ. ಮನೆಗೆ ಕೊಟ್ಟದ್ದು ಒಂದು ಸಣ್ಣ ಸುತ್ತಿಗೆ. ಹಿಡಿಯ ಮೇಲ್ಭಾಗ ಹಿಡಿದರೆ ಭಾರ ಕಡಿಮೆ, ಕೆಳಗೆ ಹಿಡಿದಷ್ಟೂ ಹೆಚ್ಚು, ಅದರ ಭಾರವೇ ಅಂಗೈಯನ್ನು ನಿಧಾನಕ್ಕೆ ತಿರುಗಿಸುತ್ತದೆ.

ಎಲ್ಲಕ್ಕಿಂತ ನನಗೆ ಬೆರಗಾಗಿದ್ದು ಅವರು ನಿಲ್ಲಿಸುತ್ತಿದ್ದ ಜಾಗ. ಕೀಲಿನ ಕೊನೆಯಲ್ಲಿ ಚರ್ಮದ ಪಟ್ಟಿ ಎಳೆದಂಥ ಬಿಗಿ ಸಿಕ್ಕರೆ ಅಲ್ಲಿ ಕಾಯುತ್ತಿದ್ದರು. ಎಲುಬಿಗೆ ಎಲುಬು ತಾಗಿದಂತೆ ಗಟಕ್ಕನೆ ನಿಂತರೆ ಅವತ್ತಿಗೆ ಆ ದಿಕ್ಕು ಸಾಕು. ‘ಇನ್ನೊಂಚೂರು ತಳ್ಳವ್ವ, ತಡ್ಕತೀನಿ’ ಅಂತ ಅವ್ವನೇ ಅಂದರೂ ತಳ್ಳುತ್ತಿರಲಿಲ್ಲ. ನೋವು ಎರಡು ಗಂಟೆಯೊಳಗೆ ಇಳಿಯಬೇಕು, ಮಾರನೇ ಬೆಳಿಗ್ಗೆ ಊತ ಹೆಚ್ಚಿದ್ದರೆ ನಿನ್ನೆ ಅತಿಯಾಯಿತು ಅಂತ ಲೆಕ್ಕ. ಹಟಕ್ಕೆ ಬಿದ್ದು ನೋಯಿಸುತ್ತಾ ಹೋದರೆ ಕೈ ಉರಿದು, ಬೆವರಿ, ಚರ್ಮ ನುಣುಪಾಗಿ ಹೊಳೆದು, ತಿಂಗಳುಗಟ್ಟಲೆ ಮುಟ್ಟಲೂ ಬಿಡದ ಸ್ಥಿತಿಗೆ ಹೋಗಬಹುದು. ಊರಿನಿಂದ ಯಾರೋ ಎಣ್ಣೆ ತಿಕ್ಕಿ ಎಳೆಯುವವರನ್ನು ಕರೆತಂದಾಗ ಅಕ್ಕ ಅವರಿಗೆ ಕಾಫಿ ಕೊಡಿಸಿ, ಎಕ್ಸ್‌ರೇಯಲ್ಲಿ ಸ್ಕ್ರೂ ತೋರಿಸಿ, ನಯವಾಗಿ ಕಳಿಸಿಕೊಟ್ಟರು.

ಈಗ ಮಣಿಕಟ್ಟು ಹಿಂದಕ್ಕೆ 60, ಮುಂದಕ್ಕೆ 55, ಅಂಗೈ ಮೇಲೆ 75 ಡಿಗ್ರಿ. ದಿನದ ಬಹುತೇಕ ಕೆಲಸಕ್ಕೆ ಹಿಂದಕ್ಕೂ ಮುಂದಕ್ಕೂ 40 ಡಿಗ್ರಿ ಇದ್ದರೆ ನಡೆಯುತ್ತದೆ. ಕೈ ಜೋಡಿಸಿ, ಅಂಗೈ ಬಿಡದೆ ಎದೆಯಿಂದ ಹೊಟ್ಟೆಯ ಕಡೆಗೆ ಇಳಿಸುವ ಅಭ್ಯಾಸವನ್ನು ಅವ್ವ ದೇವರ ಮನೆಯಲ್ಲೇ ಮುಗಿಸುತ್ತಾಳೆ. ಮುದ್ದೆ ಕಟ್ಟುತ್ತಾಳೆ, ಕೋಲು ಹಾಕಿ ತಿರುವುವುದು ಮಾತ್ರ ಇನ್ನೂ ಅಣ್ಣನ ಕೆಲಸ, ಹಿಡಿತದ ಬಲ ಪೂರ್ತಿ ಬರುವುದಕ್ಕೆ ಇನ್ನೂ ಕಾಲ ಬೇಕು. ಹೆಬ್ಬೆರಳ ತುದಿ ಮಡಚುವಾಗ ಕರಕರ ಅಂದರೆ, ನೋವು ಬಂದರೆ ತಡಮಾಡದೆ ಸರ್ಜನ್ ಹತ್ತಿರ ಹೋಗಬೇಕು, ಪ್ಲೇಟಿನ ಅಂಚಿಗೆ ರಜ್ಜು ಉಜ್ಜುತ್ತಿರಬಹುದು ಅಂತ ಅಕ್ಕ ಹೇಳಿದ್ದನ್ನು ಕ್ಯಾಲೆಂಡರಿನ ಮೇಲೆ ಬರೆದು ಅಂಟಿಸಿದ್ದೇವೆ.

ಅಕ್ಕ, ದುಡ್ಡಿನ ಮಾತೆತ್ತಿದರೆ ಬೈಯುತ್ತೀರಿ, ಅದಕ್ಕೆ ಎತ್ತುವುದಿಲ್ಲ. ಅವ್ವ ಒಂದು ಚೀಲ ರಾಗಿ, ನಾಲ್ಕು ಅಚ್ಚು ಬೆಲ್ಲ ಕಟ್ಟಿಟ್ಟಿದ್ದಾಳೆ. ನಿಮ್ಮ ಮೇಣದ ಪಾತ್ರೆ, ಗೋನಿಯೋಮೀಟರ್ ಎರಡೂ ಇನ್ನೂ ಇಲ್ಲೇ ಇವೆ. ಈ ಭಾನುವಾರ ಮಂಡ್ಯದಿಂದ ಮೈಸೂರಿಗೆ ಕಾರಿನಲ್ಲಿ ಹೋಗುವವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ, ಪಾತ್ರೆ ಭಾರವಿದೆ, ಬಸ್ಸಿನಲ್ಲಿ ಕಷ್ಟ.