ಕೇಳಿದವರಿಗೆ ಉತ್ತರ ಹೇಳೋಣ

ಮಾನ್ಯ ಸಂಪಾದಕರೆ,

ಜುಲೈ 1ರ ಪತ್ರಿಕಾ ದಿನಾಚರಣೆಗೆಂದು ತಮ್ಮ ಪತ್ರಿಕೆಯಲ್ಲಿ ಬಂದ ಬರಹ ಓದಿದೆ. 1843ರಲ್ಲಿ ಹರ್ಮನ್ ಮೊಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರಡಿಸಿದ ಕಥೆ ಚೆನ್ನಾಗಿತ್ತು. ಆದರೆ ಆ ಮನುಷ್ಯ ಜರ್ಮನಿ ಬಿಟ್ಟು ಇಷ್ಟು ದೂರ ಬಂದದ್ದೇಕೆ ಎಂಬುದನ್ನು ಬರಹ ಮೆಲ್ಲಗೆ ದಾಟಿಬಿಟ್ಟಿತು. ಬಂದದ್ದು ಪತ್ರಿಕೆ ನಡೆಸಲು ಅಲ್ಲ, ಯೇಸುವಿನ ಸುವಾರ್ತೆ ಹೇಳಲು. ಇದು ದೂರಲ್ಲ. ಕ್ರೈಸ್ತರಾದ ನಾವೇ ಆ ಮಾತನ್ನು ನುಂಗಿಕೊಳ್ಳುತ್ತಿರುವಾಗ ನಿಮ್ಮನ್ನು ಅಂದು ಏನು ಪ್ರಯೋಜನ?

ನಾನು ಮೂವತ್ತಾರು ವರ್ಷ ನರ್ಸ್ ಆಗಿದ್ದು ನಿವೃತ್ತಳಾದವಳು. ಯಜಮಾನರು ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಪಕ್ಕದ ಮನೆಯಾಕೆ ನಮ್ಮ ಕಟ್ಟೆಯ ಮೇಲೆ ಕುಳಿತು ಹೆಸರುಕಾಳು ಆರಿಸುತ್ತಿದ್ದರು. ‘ಅಕ್ಕಾ, ಇಷ್ಟಾದರೂ ನೀವು ಬೆಳಿಗ್ಗೆ ಎದ್ದು ಹಾಡು ಹೇಳುತ್ತೀರಲ್ಲ, ಯಾವ ಧೈರ್ಯದ ಮೇಲೆ?’ ಎಂದು ಕೇಳಿದರು. ಅವರ ಕೈ ಮೊರದ ಮೇಲೆ ಹಾಗೆಯೇ ನಿಂತಿತ್ತು. ನಾನು ಹೇಳಿದ್ದೇನು ಗೊತ್ತೇ? ‘ಈ ಸಲ ಕಾಳಿನಲ್ಲಿ ಹರಳು ಬಹಳ ನೋಡಿ.’ ಮತಾಂತರಕ್ಕೆ ಇಳಿದಳು ಎಂದು ಓಣಿಯಲ್ಲಿ ಯಾರಾದರೂ ಅಂದಾರು ಎಂಬ ಅಂಜಿಕೆ. ಅವರು ಮತ್ತೆ ಕೇಳಲಿಲ್ಲ.

ವಾರ ಕಳೆದ ಮೇಲೆ ನಾನೇ ಅವರ ಮನೆಗೆ ಹೋದೆ. ಮಣ್ಣು ಮಾಡಿ ಬಂದಲ್ಲಿಗೆ ಎಲ್ಲ ಮುಗಿಯಲಿಲ್ಲ, ಸತ್ತು ಎದ್ದ ಒಬ್ಬನಿದ್ದಾನೆ, ನಮ್ಮವರು ಅವನ ಕೈಯಲ್ಲಿದ್ದಾರೆ ಎಂದು ನಂಬಿದ್ದೇನೆ. ಕೆಲವು ದಿನ ಅಳುತ್ತಲೇ ಹಾಡುತ್ತೇನೆ ಎಂದೆ. ಐದು ನಿಮಿಷವೂ ಹಿಡಿಯಲಿಲ್ಲ. ಅವರು ಚಹಾ ಇಟ್ಟರು, ಸವದತ್ತಿ ಎಲ್ಲಮ್ಮ ತಮ್ಮನ್ನು ಕಾಯ್ದ ಬಗೆಯನ್ನು ಒಂದು ತಾಸು ಹೇಳಿದರು. ಕೇಳಿದೆ. ಅವರು ಈಗಲೂ ಹುಣ್ಣಿಮೆಗೆ ಗುಡ್ಡಕ್ಕೆ ಹೋಗುತ್ತಾರೆ, ನಾನು ಭಾನುವಾರ ಚರ್ಚಿಗೆ ಹೋಗುತ್ತೇನೆ.

ನಮ್ಮ ಸಭೆಗಳ ಅಣ್ಣತಮ್ಮಂದಿರು, ಅಕ್ಕತಂಗಿಯರು ಇಷ್ಟಾದರೂ ಮಾಡಲಿ ಎಂದು ಈ ಪತ್ರ. ಕೇಳಿದವರಿಗೆ ಉತ್ತರ ಹೇಳಲು ಸಿದ್ಧವಾಗಿರಿ, ಆದರೆ ಸಾತ್ವಿಕವಾಗಿ ಹೇಳಿ ಎಂದು ಬೈಬಲಿನಲ್ಲಿ ಯೇಸುವಿನ ಶಿಷ್ಯ ಪೇತ್ರನೂ ಬರೆದಿದ್ದಾನೆ. ಸಂವಿಧಾನದ 25ನೇ ವಿಧಿಯಲ್ಲಿ ನಂಬಿಕೆಯನ್ನು ಪ್ರಚಾರ ಮಾಡುವ ಹಕ್ಕೂ ಇದೆ. ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಅದರಲ್ಲಿ ಸೇರಿಲ್ಲ ಎಂದು 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನನಗೇನೂ ಬೇಸರವಿಲ್ಲ, ಮನಸ್ಸು ತಿರುಗಿಸುವುದು ನಮ್ಮ ಕೆಲಸವೆಂದು ನಾನು ಎಂದೂ ತಿಳಿದವಳಲ್ಲ. ವಾರ್ಡಿನಲ್ಲಿ ರೋಗಿಯ ಮುಂದೆ ನಾನಾಗಿ ಧರ್ಮದ ಮಾತು ಎತ್ತಲಿಲ್ಲ. ಹಾಸಿಗೆ ಹಿಡಿದವನಿಗೆ ನಮ್ಮ ಮಾತು ಬೇಡವೆನಿಸಿದರೆ ಎದ್ದು ಹೋಗಲಾದರೂ ಆಗುತ್ತದೆಯೇ? ಧ್ವನಿವರ್ಧಕ ಕಟ್ಟಿ, ಪ್ರಾರ್ಥನೆಯಿಂದಲೇ ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ, ಮಾತ್ರೆ ಬಿಡಿ ಎನ್ನುವವರನ್ನು ಕಂಡರೆ ನನಗೆ ನರ್ಸಿನ ಕೋಪವೇ ಬರುತ್ತದೆ.

ಮೊಗ್ಲಿಂಗ್ ದಾಸರ ಪದಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದರು. ಅವರಂತೆಯೇ ಸುವಾರ್ತೆ ಹೇಳಲು ಜರ್ಮನಿಯಿಂದ ಬಂದ ಕಿಟೆಲ್ ಕನ್ನಡಿಗರ ಮಾತಿಗೆ ಕಿವಿಗೊಟ್ಟು ಕೂಡಿಸಿದ ಸುಮಾರು 70,000 ಪದಗಳು 1894ರಲ್ಲಿ ನಿಘಂಟಾದವು. ಹೇಳಲು ಬಂದವರು ಮೊದಲು ಅಷ್ಟು ಕೇಳಿಸಿಕೊಂಡರು. ಹುಟ್ಟಿನಿಂದ ಕನ್ನಡ ಆಡುವ ನಮಗೆ ನಮ್ಮ ಕಟ್ಟೆಯ ಮೇಲೆ ಬಾಯಿ ಬರುವುದಿಲ್ಲವೆಂದರೆ ಹೇಗೆ?

ಈ ಪತ್ರವನ್ನು ಪಕ್ಕದ ಮನೆಯವರಿಗೆ ಓದಿ ಹೇಳಿಯೇ ಅಂಚೆಗೆ ಹಾಕುತ್ತಿದ್ದೇನೆ. ಹರಳಿನ ಮಾತು ತೆಗೆದುಬಿಡಿ, ಕಿರಾಣಿ ಅಂಗಡಿಯವರು ಓದಿದರೆ ಬೇಸರ ಮಾಡಿಕೊಂಡಾರು ಎಂದರು. ತೆಗೆದಿಲ್ಲ.

– ನಿವೃತ್ತ ನರ್ಸ್, ಗದಗ-ಬೆಟಗೇರಿ